ಅಳತಿ

ಬ್ಯಾಂಕಿನ ಹುಡುಗ ಇರ್ಫಾನ ಬೀಳಗಿ
ಗ್ವಾಡಿಗೆ ಕೆಂಪು ಬೆಳಕು ಬಿಟ್ಟು ಮನಿ ಅಳದ.
ಟೇಪಿಲ್ಲ, ಹಗ್ಗಿಲ್ಲ. ಚುಕ್ಕಿ ಬಿದ್ದಲ್ಲಿ ಅಂಕಿ.

ಹಿಂದ ಒಮ್ಮೆ ಅಳದಿದ್ರು,
ಹಳೇ ಬಾಗಲಕೋಟ್ಯಾಗ, ಅಪ್ಪನ ಮನಿ.
ಕಬ್ಬಿಣದ ಸರಪಳಿ, ಬಾಗಿಲ ಮ್ಯಾಲ ಕೆಂಪು ಬಣ್ಣದ ನಂಬರು.
ರೊಕ್ಕ ಬಂತು, ಆಮ್ಯಾಲ ನೀರು ಬಂತು.
ಬಾಗಿಲ ಕಿತಗೊಂಡು ನವನಗರಕ್ಕ ಬಂದ್ವಿ.
ಇಲ್ಲಿ ಅದನ್ನ ತಿರುವಿ ಕೂಡಿಸೇವಿ,
ನಂಬರು ಒಳಗಿನ ಬದಿಗೆ.

ಅಕ್ಕ ಗುರುಬಾಯಿ ಮಷಿನ್ ತುಳಕೋತನ ಕೇಳಿದಳು:
"ಕಂತು ನಾವು ಕಟ್ಟೋದಲ್ಲೇನು?"
"ಇಲ್ರಿ ಅಮ್ಮಾರ, ಬ್ಯಾಂಕು ನಿಮಗ ಕಟ್ಟತೈತಿ, ತಿಂಗಳಾ.
ನೀವು ಇರೂತನಕ ಇರ್ರಿ. ಇಬ್ಬರೊಳಗ
ಕಡೀಕ ಉಳದಾಕಿ ಹೋದ ಮ್ಯಾಲ..."
ಉಳದ ಮಾತು ಚಾದ ಬಸಿಯೊಳಗ ಊದಿದ.

ಹದಿನೆಂಟು ವರ್ಷ ಕಟ್ಟಿದ ಕಂತು,
ಝಂಪರಕ್ಕ ಝಂಪರ, ಹುಕ್ಕಿಗೆ ಹುಕ್ಕು,
ಬಿಚ್ಚಿದ ಹೊಲಿಗಿಯಂಗ
ಈಗ ತಿರಗಿ ನೂಲಾಗಿ ಬರತೈತಂತ.

ಈ ಸಲ ರೊಕ್ಕ ನಿಧಾನ,
ನೀರೂ ನಿಧಾನ.
ಯಾವತ್ತು ಹೊಸ್ತಿಲಕ್ಕ ಮುಟ್ಟತೈತಿ ಅಂತ
ನೋಟೀಸು ಹಚ್ಚೋರಿಲ್ಲ.

ಫಾರ್ಮಿನ್ಯಾಗ ಒಂದು ಖಾನೆ:
ಕಟ್ಟಡದ ಉಳಿದ ಆಯುಷ್ಯ.
ಇರ್ಫಾನ 'ಮೂವತ್ತು' ಅಂತ ಬರದ.
ಅಕ್ಕ ಚಷ್ಮಾ ಏರಿಸಿ ಓದಿ ನಕ್ಕಳು:
"ಮನಿ ನಮಗಿಂತ ಸಣ್ಣದು, ಬಿಡ."

"ಬಾಗಿಲಾ ಲೆಕ್ಕಕ್ಕ ಹಿಡದೀ ಏನಪಾ?" ಅಂದೆ.
"ಬಾಗಿಲಕ್ಕ ಬ್ಯಾರೆ ರೇಟಿಲ್ರಿ," ಅಂದು
ಹುಡುಗ ಆ ನಂಬರಿನ ಮ್ಯಾಲ ಬೆಳಕು ಹಿಡದ.
ಕೆಂಪಿನ್ಯಾಗ ಕೆಂಪು.
ಚುಕ್ಕಿ ಕಾಣಲಿಲ್ಲ.