ಗಿಡ್ಡ ನೆರಳಿನ ಹೊತ್ತು

ಒಂಬತ್ತು.
ಚೀಟಿಯಲ್ಲಿ ಅಷ್ಟೇ ಇತ್ತು.
ಇಪ್ಪತ್ತಾದರೂ ಇರಬೇಕಂತೆ, ಮೂವತ್ತಿದ್ದರೆ ಚೆಂದವಂತೆ.
ಡಾಕ್ಟರಮ್ಮ ಕನ್ನಡಕ ತೆಗೆದು ಕೇಳಿದಳು,
"ಯಾವೂರು ಸುಂಕಮ್ಮ ನಿಂದು?"
"ಇಲ್ಲೇ ಮೇಡಂ, ಬಳ್ಳಾರಿ. ಕೌಲ್ ಬಜಾರು."
ಅವಳು ನಕ್ಕಳು. ನಾನೂ ನಕ್ಕೆ.
ಹೊಳೆದಂಡೆಯವಳು ಬಾಯಾರಿ ಬಿದ್ದಳೆಂದರೆ
ನಗದೆ ಇನ್ನೇನು ಮಾಡುವುದು?

ಹೊರಗೆ ಬಿಸಿಲು ಧಾರಾಳ.
ಕೋಟೆಗುಡ್ಡದ ಬಂಡೆ ನಡುರಾತ್ರಿಯಲ್ಲೂ
ಇಳಿಸಿಟ್ಟ ಹಂಚಿನಂತೆ ಕಾವು ಬಿಡುತ್ತದೆ.
ಒಳಗೆ ನಾನು, ಹದಿನೇಳು ವರ್ಷದಿಂದ
ಟ್ಯೂಬ್‌ಲೈಟಿನ ಕೆಳಗೆ
ಜೀನ್ಸ್ ಪ್ಯಾಂಟಿಗೆ ಜೇಬು ಹಚ್ಚುತ್ತಾ.
ಎಂಟಕ್ಕೆ ಮೆಟ್ಟಿಲೇರಿದರೆ ಇಳಿಯುವಾಗ ಬೀದಿದೀಪ.
ದಾರಿಯಲ್ಲಿ ಸಿಗುವ ತುಸು ಬಿಸಿಲಿಗೂ
ತಲೆಗೆ ಸೆರಗು, ಮುಖಕ್ಕೆ ಸ್ಕಾರ್ಫು, ಕೈಗೆ ಗವಸು.
ಸಾಲ ಕೊಟ್ಟವನನ್ನು ಕಂಡಂತೆ ಅವಿತುಕೊಂಡೇ ನಡೆದೆ.

"ಕಪ್ಪಾಗ್ತಿಯಲೇ" ಅನ್ನುತ್ತಿದ್ದಳು ಅವ್ವ.
ಗಂಡು ನೋಡಲು ಬರುವ ಮೂರು ತಿಂಗಳು ಮೊದಲೇ
ಕಡಲೆಹಿಟ್ಟು, ಮೊಸರು, ಕದ ಹಾಕಿದ ಕೋಣೆ.
ಆಮೇಲೆ ಬಂತು ಹತ್ತು ರೂಪಾಯಿಯ ಟ್ಯೂಬು.
ಈಗ ಮಗಳು ತ್ರಿವೇಣಿ, ಹದಿನಾರು ತುಂಬಿದವಳು,
ಅದೇ ಟ್ಯೂಬಿನ ಹೊಟ್ಟೆ ಸೀಳಿ
ಕಡೆಯ ಹನಿಯನ್ನೂ ಬೆರಳಲ್ಲಿ ಬಳಿದುಕೊಳ್ಳುತ್ತಾಳೆ.

ನಾನು ಹೊಲಿದ ಪ್ಯಾಂಟಿನ ಕಥೆಯೇ ಬೇರೆ.
ಹೊಸತರಲ್ಲಿ ಕಡುನೀಲಿ.
ಕಲ್ಲಿನ ಜೊತೆ ಉರುಳಿಸಿ, ತೊಡೆ ಉಜ್ಜಿ, ತೊಳೆದು,
ಮಾಳಿಗೆಯ ತಂತಿಗೆ ತೂಗುಹಾಕಿ,
ಬಣ್ಣ ಕೆಟ್ಟಷ್ಟೂ ಅದಕ್ಕೆ ರೇಟು.

ಸೊಂಟ ಹಿಡಿಯುತ್ತಿತ್ತು.
ಮೆಟ್ಟಿಲಿಗೆ ತೊಡೆ ಒಪ್ಪುತ್ತಿರಲಿಲ್ಲ, ಕೈ ಊರಬೇಕು.
ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು.
"ಹೆತ್ತ ಮೈಗೆ ಇದ್ದದ್ದೇ" ಅಂದಳು ಅತ್ತೆ,
ಅರವತ್ತಕ್ಕೇ ಬೆನ್ನು ಕುಡುಗೋಲಾದವಳು.

"ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಎಲ್ಲಾ ತಿಂತೀಯ,
ಅದರ ಸುಣ್ಣ ನಿನ್ನ ಎಲುಬಿನ ಬಾಗಿಲಿಗೆ ಬಂದು
ಕದ ಬಡಿದು ಬಡಿದು ವಾಪಸ್ಸು ಹೋಗುತ್ತೆ.
ಕದ ತೆಗೆಯೋ ಕೈ ಈ ವಿಟಮಿನ್ ಡಿ" ಅಂದಳು ಡಾಕ್ಟರಮ್ಮ.
ವಾರಕ್ಕೊಂದು ಪುಡಿ, ಹಾಲಲ್ಲಿ, ಎಂಟು ವಾರ.
"ಎಳೆಬಿಸಿಲು ಸಾಲದು.
ನೆರಳು ನಿನಗಿಂತ ಗಿಡ್ಡ ಇರೋ ಹೊತ್ತು ನೋಡು.
ಕೈಗೆ, ಕಾಲಿಗೆ. ಹತ್ತು ಹದಿನೈದು ನಿಮಿಷ.
ಸುಡೋ ತನಕ ಅಲ್ಲ ಮತ್ತೆ."
"ಮಾರಿ ಮ್ಯಾಲಿನ ಕಲೆ ಹೋಗ್ತದಾ ಮೇಡಂ?"
"ಅದಕ್ಕೆ ನಾನು ಮಾತು ಕೊಡಲ್ಲ.
ನೋವಿಲ್ಲದೆ ನಾಲ್ಕು ದಿನ ನಿದ್ದೆ ಮಾಡು,
ಆಮೇಲೆ ಕನ್ನಡಿ ನೋಡಿಕೋ."

ಹನ್ನೊಂದರ ಚಹಾ.
ಲೋಟ ಹಿಡಿದು ನಾನು ಮಾಳಿಗೆಗೆ, ಹಿಂದೆ ಮಾಬುನ್ನಿ.
"ನಂದು ಏಳು" ಅಂದಳು, ಪಂದ್ಯ ಗೆದ್ದವಳ ಹಾಗೆ.
ತಂತಿಗಳ ತುಂಬ ಒದ್ದೆ ಪ್ಯಾಂಟು, ನಾಲ್ಕು ಸಾಲು.
ನಡುವೆ ನಿಂತರೆ ಪಕ್ಕದ ಮಾಳಿಗೆಗೆ ಕಾಣುವುದು
ಮೈಯಿಲ್ಲದ ಕಾಲುಗಳು ಮಾತ್ರ.
ಅವಳು ಬುರ್ಖಾ ಕಳಚಿ ಮಡಚಿಟ್ಟಳು,
ತೋಳು ಮೇಲೇರಿಸಿದಳು.
ನಾನು ಸೀರೆ ಎತ್ತಿ ಮೊಣಕಾಲಿಗೆ ಸಿಕ್ಕಿಸಿದೆ.
ಹನ್ನೊಂದು ವರ್ಷ ಪಕ್ಕದ ಮಷೀನಿನವಳು,
ಅವಳ ಮೊಣಕೈ ನಾನು ನೋಡಿರಲೇ ಇಲ್ಲ.
ಅಲ್ಲೊಂದು ಮಚ್ಚೆ, ಕುಸುಬೆ ಕಾಳಿನಷ್ಟು.
ನಮ್ಮಿಬ್ಬರ ನೆರಳು ಕಾಲ ಬಳಿ
ಮುದುಡಿ ಕೂತಿತ್ತು, ಕೂಸಿನ ಹಾಗೆ.

ಕೆಳಗಿನಿಂದ ಸೂಪರ್‌ವೈಸರ್ ಗಾದಿಲಿಂಗ ಕೂಗಿದ,
"ಒಣಗ್ಯಾವೇನ್ರೀ ಅವು?"
"ಇನ್ನೂ ಹಸಿ ಅದಾವಣ್ಣಾ" ಎಂದಳು ಮಾಬುನ್ನಿ,
ತೋಳು ಹೊರಳಿಸಿ ಇನ್ನೊಂದು ಮಗ್ಗುಲು ಬಿಸಿಲಿಗೆ ಹಿಡಿದು.

ಪುಡಿ ಮುಗಿದಿದೆ. ಎರಡನೇ ಚೀಟಿ ಇನ್ನೂ ಬಂದಿಲ್ಲ.
ನಿನ್ನೆ ಜೋಳ ಹಸನು ಮಾಡುತ್ತಾ ನೆಲಕ್ಕೆ ಕೂತಿದ್ದೆ.
ಬಳೆ ಹಿಂದೆ ಸರಿದು
ಮಣಿಕಟ್ಟಿನಲ್ಲಿ ಬೆಳ್ಳನೆ ಗೆರೆಯೊಂದು ಕಂಡಿತು,
ಹಳೆಯ ನನ್ನ ಬಣ್ಣ ಅಲ್ಲಿಷ್ಟೇ ಉಳಿದಿತ್ತು.
"ಅಯ್ಯ ಅವ್ವಾ, ಎಷ್ಟು ಕಪ್ಪಾಗೀದಿ!" ಎಂದಳು ತ್ರಿವೇಣಿ.
ಏನೋ ಹೇಳಬೇಕೆಂದುಕೊಂಡೆ.
ಮೊರ ಎತ್ತಿಕೊಂಡು ಎದ್ದೆ.
ಅಡುಗೆಮನೆ ಬಾಗಿಲು ದಾಟಿದ ಮೇಲೆ ನೆನಪಾಯಿತು,
ಗೋಡೆ ಹಿಡಿದಿರಲಿಲ್ಲ.