ಎದ್ದು ನಿಂತ ಬಾವಿ

ಸೊಹಾರ್‌ನಿಂದ ಮೇಲಕ್ಕೆ, ವಾದಿಯ ಒಣಹೊಳೆ ಹಿಡಿದು
ಮೂವತ್ತು ಕಿಲೋಮೀಟರ್. ರಸ್ತೆ ಅಗಲವಾಗಲಿದೆ.
ನನ್ನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ,
ಅಡ್ಡ ಬಂದುದಕ್ಕೆಲ್ಲ ನಂಬರು.

ಹದಿನಾಲ್ಕು: ನೆಲದೊಳಗೆ ಇಳಿಯದೆ
ನೆಲದ ಮೇಲೆ ಎದ್ದು ನಿಂತ ಬಾವಿ.
ದಂಡೆಯುದ್ದಕ್ಕೂ ಇಂಥವು ಐದು.
ಫಲಜ್ ಕಾಲುವೆಯ ನೀರು ತುದಿಯಿಂದ ಒಳಗೆ ಬಿದ್ದು
ಬುಡದ ಕಿಂಡಿಯಲ್ಲಿ ಚಿಮ್ಮಿ
ಚಕ್ರ ತಿರುಗಿಸುತ್ತಿತ್ತಂತೆ.
ಆ ಚಕ್ರ ಯಾವ ಚಳಿಗಾಲದ ಒಲೆಗೆ ಹೋಯಿತೋ
ಹುಮೈದನಿಗೂ ಗೊತ್ತಿಲ್ಲ. ಅವನಜ್ಜ ಕಂಡದ್ದು
ಬರೀ ಬಾವಲಿ.

ಪಕ್ಕದಲ್ಲಿ ಅರ್ಧ ಕಲ್ಲು, ಮಕಾಡೆ.
ಹೊರಳಿಸಿದೆ.
ಬೆರಳಾಡಿಸಿದರೆ ತಿಳಿಯಿತು, ಮುಳ್ಳು ಸವೆದಿದೆ.

ಯಂಕವ್ವ, ನನ್ನವ್ವ,
ಮಸ್ಕಿ ಕಡೆಯ ಓಣಿ ಓಣಿ ಕೂಗುತ್ತಿದ್ದಳು
"ಬೀಸೂಕಲ್ಲಿಗೆ ಮುಳ್ಳ ಹೊಡೀತೀವ್ರೇ..."
ಕಂಕುಳಲ್ಲಿ ನಾನು, ಚೀಲದಲ್ಲಿ ಉಳಿ.
ನುಣುಪಾದ ಕಲ್ಲು ಕಂಡರೆ ಬೈಯುವಳು:
"ಇದ್ರಾಗ ಜ್ವಾಳ ಬೇಯ್ತಾವ, ಹಿಟ್ಟಾಗಂಗಿಲ್ಲ."
ಕೂಲಿ ಒಂದು ಬೊಗಸೆ.

ಇಲ್ಲಿ ಬೀಸಿದ್ದು ನೀರು. ಸರದಿಯ ನೀರು,
ರಾತ್ರಿ ಚಿಕ್ಕೆ ನೋಡಿ ಹಂಚಿಕೊಂಡದ್ದು.
ಆದರೂ ಕಲ್ಲಿಗೆ ಕಚ್ಚು ಹಾಕಿದ್ದು ಕೈಯೇ.
ಎಡಗೈಯವನಿರಬೇಕು,
ಗುಳಿಗಳೆಲ್ಲ ಆ ಕಡೆ ವಾಲಿವೆ.

ಸುತ್ತಿಗೆ ತೆಗೆದೆ.
ಮೂರೇ ಏಟು.
ಮೂರು ಬಿಳಿ ಚುಕ್ಕೆ, ಸಿಡಿದ ಕಲ್ಲಿನ ಸುಟ್ಟ ವಾಸನೆ.

ಹುಮೈದ್ ಏನೂ ಕೇಳಲಿಲ್ಲ. ಪಿಕಪ್ಪಿನಿಂದ
ಬೊಗಸೆ ತುಂಬ ಖರ್ಜೂರ ತಂದು
ನನ್ನ ಬೊಗಸೆಗೆ ಸುರಿದ.
ತಿಂದೆ. ಬೀಜ ಉಗಿದೆ.
ಆಮೇಲೆ ಡಬ್ಬಿ ತೆರೆದು
ಬಾವಿಗೆ ಹದಿನಾಲ್ಕು ಬರೆದೆ.
ಕಲ್ಲಿಗೆ ಬರೆಯಲಿಲ್ಲ,
ಅಳತೆಪುಸ್ತಕದಲ್ಲಿ ಕಲ್ಲು ಇಲ್ಲ.