ನಾಲ್ಕರಿಂದ ಸುರು ಮಾಡು

ವೈನಿ, ಒಂದನೇ ಭಾಗ ಬ್ಯಾಡ.
ಅದರಾಗ ಹಡಗಂದ್ರ ಬರೇ ತಗಡು,
ಗ್ರಹ ದಾರಕ್ಕ ಜೋತು ತಿರಗತಾವ,
ದಾರ ಕಾಣತೈತಿ.
ನಾಲ್ಕರಿಂದ ಸುರು ಮಾಡು.

ಕಪ್ತಾನಬಾಯಿ ಐದರಾಗ ಸಾಯ್ತಾಳ
(ಹೇಳಬಾರದಿತ್ತು, ಹೋಗ್ಲಿ)
ಏಳರಾಗ ಬ್ಯಾರೆ ಮಾರಿ ಹೊತ್ತು ಬರತಾಳ.
ಯಾರೂ ಕೇಳೂದಿಲ್ಲ. ನೀನೂ ಕೇಳಬ್ಯಾಡ.
ಹಸರು ಮೈಯವರನ್ನ ಕಂಡು ಮೊದಲ ನಗತಿ;
ಒಂಬತ್ತರಾಗ ಅವರ ಮುದುಕಿ
ಬಿಟ್ಟುಬಂದ ಮನಿ ಕೀಲಿಕೈ ನುಂಗತಾಳಲ್ಲ,
ಆವಾಗ ನೋಡೂಣು.

ನಮ್ಮ ಜತ್ತದಾಗ ಅದು ಮರಾಠಿಯೊಳಗ ಬರತಿತ್ತು.
ನನಗ ಅರ್ಧ ತಿಳೀತಿರಲಿಲ್ಲ.
ಅಣ್ಣ ಬಾಜೂಕ ಕುಂತು ಕನ್ನಡ ಮಾಡಂವ,
ತನಗ ತಿಳೀದಲ್ಲಿ ಸ್ವಂತದ್ದು ಸೇರಸಂವ.
ಹನ್ನೊಂದು ವರ್ಷದ ಮ್ಯಾಲೆ ಗೊತ್ತಾತು,
ಆ ರೋಬೋಟಿಗೆ ಹೆಸರಽ ಇಲ್ಲಂತ!
ಅಮಗೊಂಡ ಅಂತ ಇಟ್ಟಂವ ಇವನಽ.
ನಮ್ಮನಿಯಾಗ ಈಗೂ ಅದು ಅಮಗೊಂಡ.

ನಿನ್ನ ಕೂಡ ಮಾತ ಆಡವಲ್ಲ ಅಂದೆಲ್ಲ,
ಇಪ್ಪತ್ತೆರಡನೇದು ಯಾಕ ಕೆಟ್ಟತು ಅಂತ ಕೇಳು.
ರೊಟ್ಟಿ ಆರಿ ಕಟಕ ಆದರೂ ಮುಗಸೂದಿಲ್ಲ.

ಕಿಡಕ್ಯಾಗ ನೋಡಬ್ಯಾಡ ಹಂಗ.
ಗುಡ್ಡದ ಗಾಳಿಯಂತ್ರದ ಕೆಂಪು ದೀಪ ಅವು,
ಎಲ್ಲಾ ಕೂಡೇ ಹತ್ತತಾವ, ಕೂಡೇ ಆರತಾವ.
ನಾನೂ ಸಣ್ಣಾಕಿದ್ದಾಗ
ಬಂದ್ರು ಅಂತ ತಿಳಕೊಂಡು
ಚಪ್ಪಲಿ ಹಾಕ್ಕೊಂಡು ನಿಂತಿದ್ದೆ.

ಸರಿ, ಲೈಟ ಆರಸಲಾ?